ಕ್ರೇನ್ ಇಳಿಸಲು ಬಂದ ಕ್ರೇನ್

ಈ ಭೂಮಿಯ ಮೇಲೆ ಎತ್ತಲಾಗದ ವಸ್ತು ಯಾವುದೂ ಇಲ್ಲ. ಎತ್ತುವವನಿಗೆ ಲೆಕ್ಕ ಗೊತ್ತಿರಬೇಕು, ಅಷ್ಟೆ. ನನಗೆ ಗೊತ್ತು.

ಇದು ಜಂಬದ ಮಾತಲ್ಲ, ನನ್ನ ಉದ್ಯೋಗ. ಭಾರೀ ಕ್ರೇನುಗಳನ್ನು ಬಾಡಿಗೆಗೆ ಕೊಡುವ ಕಂಪನಿಯೊಂದರಲ್ಲಿ ನಾನು ಯೋಜನಾ ವಿಭಾಗದವನು. ಸೇತುವೆಯ ತೊಲೆ, ಕಾರ್ಖಾನೆಯ ಬಾಯ್ಲರ್, ಹಡಗಿನ ಎಂಜಿನ್, ಇಂಥವನ್ನೆಲ್ಲ ಯಾವ ಕ್ರೇನು ಎಲ್ಲಿ ನಿಂತು, ಯಾವ ದಾರಿಯಲ್ಲಿ ಎತ್ತಿಕೊಂಡು ಹೋಗಿ, ಎಲ್ಲಿ ಇಳಿಸಬೇಕು ಎಂದು ಕಾಗದದ ಮೇಲೆ ತೀರ್ಮಾನ ಮಾಡುವವನು ನಾನು. ನಾನು ಗೆರೆ ಎಳೆದರೆ ಬಾಯ್ಲರು ಗಾಳಿಯಲ್ಲಿ ತೇಲಿಕೊಂಡು ಹೋಗಿ, ಕೂರಬೇಕಾದ ಕಡೆ ತೆಪ್ಪಗೆ ಕೂರುತ್ತದೆ. ಇದುವರೆಗೂ ಒಂದೇ ಒಂದು ಬಾಯ್ಲರು ನನಗೆ ಎದುರಾಡಿಲ್ಲ.

ಈ ಗೌರವ ಮನೆಯಲ್ಲಿ ಮಾತ್ರ ಇನ್ನೂ ಜಾರಿಗೆ ಬಂದಿಲ್ಲ.

"ದಿನಾ ಬಂದು ಅದೆತ್ತಿದೆ, ಇದೆತ್ತಿದೆ ಅಂತೀರಿ. ಉಂಡ ತಟ್ಟೆ ಒಂದು ದಿನ ಎತ್ತಿಲ್ಲ," ಎನ್ನುತ್ತಾಳೆ ಹೆಂಡತಿ.

"ನಾನು ಎತ್ತೋನಲ್ಲ ಕಣೇ. ಎತ್ತಿಸೋನು."

"ಅದು ಗೊತ್ತು. ಎತ್ತೋಳು ನಾನೇ ಅಲ್ವಾ!"

ಇಂಥ ಸಣ್ಣಪುಟ್ಟ ಮಾತುಗಳನ್ನು ನಾನು ತೂಕಕ್ಕೆ ಹಾಕುವುದಿಲ್ಲ.

ನಮ್ಮ ಕಂಪನಿಯ ಅತಿ ದೊಡ್ಡ ಕ್ರೇನಿಗೆ 'ಆನೆ' ಎಂದು ಹೆಸರು. ಆ ಆನೆಯ ಮಾವುತ, ಅಂದರೆ ಆಪರೇಟರ್, ಎಲ್ಲರ ಬಾಯಲ್ಲೂ ದೊಡ್ಡಣ್ಣ. ದೊಡ್ಡಣ್ಣನ ನಿವೃತ್ತಿಗೆ ಏನು ಉಡುಗೊರೆ ಕೊಡಬೇಕು ಎಂದು ಆಫೀಸಿನಲ್ಲಿ ಸಭೆ ಸೇರಿತು. ಯಾರೋ ಗೋಡೆ ಗಡಿಯಾರ ಅಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಗಡಿಯಾರವೇ? ಅರ್ಧ ಆಯುಷ್ಯ ಮೋಡದ ಪಕ್ಕದಲ್ಲಿ ಕೂತು ಕೆಲಸ ಮಾಡಿದ ಮನುಷ್ಯನಿಗೆ ಗೋಡೆಗೆ ನೇತುಹಾಕೋ ಗಡಿಯಾರವೇ? ನಾನು ಅವರಿಗೆ ಅವರ ಆನೆಯನ್ನೇ ಕೊಡ್ತೀನಿ!"

ಮ್ಯಾನೇಜರ್ ಕನ್ನಡಕ ತೆಗೆದರು. "ಕಂಪನಿ ಆಸ್ತಿ ದಾನ ಮಾಡೋಕೆ ನೀವ್ಯಾರ್ರೀ?"

"ಮಾದರಿ ಸಾರ್, ಮಾದರಿ! ಇಪ್ಪತ್ತೈದರಲ್ಲಿ ಒಂದು ಪಾಲು. ರಾಟೆ, ಹಗ್ಗ, ಚಕ್ರದ ಪಟ್ಟಾ, ಎಲ್ಲಾ ಯಥಾವತ್ತು. ನನ್ನ ಕೈಯಾರೆ ಮಾಡಿ ಕೊಡ್ತೀನಿ."

"ಹಾಗೆ ಹೇಳಿ. ಮೇಜಿನ ಮೇಲೆ ಇಡೋ ಅಂಥದ್ದು."

"ಮೇಜಿನ ಮೇಲೇ ಸಾರ್," ಎಂದೆ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಕ್ರೇನಿನ ಉದ್ದನೆಯ ತೋಳಿಗೆ ಬೂಮ್ ಅನ್ನುತ್ತಾರೆ. ಆನೆಯ ಬೂಮ್ ನೂರು ಮೀಟರು. ಅದರ ಇಪ್ಪತ್ತೈದನೆಯ ಒಂದು ಪಾಲು ಎಂದರೆ ನಾಲ್ಕು ಮೀಟರು. ನಾಲ್ಕು ಮೀಟರಿನದು ಯಾವ ಮೇಜಿನ ಮೇಲೂ ಕೂರುವುದಿಲ್ಲ. ಇದನ್ನು ತಿಳಿಯಲು ಯೋಜನಾ ವಿಭಾಗದಲ್ಲಿ ಇರಬೇಕಾಗಿಯೂ ಇಲ್ಲ. ಇದ್ದವನು ನಾನೊಬ್ಬನೇ.

ಮನೆಯ ಹಾಲಿನಲ್ಲಿ ಕೆಲಸ ಶುರುವಾಯಿತು. ಸೋಫಾ ಗೋಡೆಗೆ ಸರಿಯಿತು. ಹಿತ್ತಾಳೆ ಕಡ್ಡಿಗಳು, ಬೆಸುಗೆ ಕಡ್ಡಿ, ಅರ, ಚಿಮಟ, ಭೂತಗನ್ನಡಿ, ಎಲ್ಲಾ ಬಂದು ಹಾಸಿಕೊಂಡವು. ಬೂಮ್ ಎನ್ನುವುದು ಗಟ್ಟಿ ಕಂಬವಲ್ಲ. ಕಡ್ಡಿಗೆ ಕಡ್ಡಿ ಅಡ್ಡ ಕೂಡಿಸಿ ಹೆಣೆದ ಜಾಲರಿ. ಒಂದೊಂದು ಕಡ್ಡಿಗೂ ಎರಡು ಕಡೆ ಬೆಸುಗೆ. ನಾನು ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಗಿಹಿಡಿದು ಬೆಸೆಯುತ್ತಿದ್ದೆ. ನಮ್ಮ ಮನೆಯಲ್ಲೇ ಇರುವ ನನ್ನ ಅತ್ತೆ, ಎಂದರೆ ಹೆಂಡತಿಯ ತಾಯಿ, ಸೋಫಾದ ಮೇಲೆ ಕಾಲು ಮಡಿಸಿ ಕೂತು ಉಸ್ತುವಾರಿ ನೋಡುತ್ತಿದ್ದರು.

"ಅಳಿಯಂದ್ರೇ, ಇದೇನು ಏಣಿನಾ?"

"ಬೂಮ್, ಅತ್ತೆ. ಕ್ರೇನಿನ ತೋಳು."

"ಮಲಗಿದೆಯಲ್ಲ?"

"ಎದ್ದೇಳುತ್ತೆ."

"ಎದ್ರೆ ನಮ್ಮನೆ ಸೂರು?"

ನಾನು ತಲೆ ಎತ್ತಿ ಸೂರು ನೋಡಿದೆ. ಆಮೇಲೆ, ಬೂಮ್ ಮಲಗಿರುವ ಭಂಗಿಯಲ್ಲೇ ಮಾದರಿಯ ಸೌಂದರ್ಯ ಹೆಚ್ಚು ಎಂದು ತೀರ್ಮಾನಿಸಿದೆ.

ತುದಿಯನ್ನು ಸೊಂಟದೆತ್ತರಕ್ಕೆ ಎತ್ತಿಕೊಂಡು ಮಲಗಿದ ಬೂಮ್ ಬೆಳೆಯುತ್ತಾ ಹೋಗಿ, ಹಾಲು ದಾಟಿ, ಅಡುಗೆಮನೆಯ ಬಾಗಿಲು ಹಾಯ್ದು, ಒಲೆಯ ಪಕ್ಕ ಹೋಗಿ ನಿಂತಿತು. ಅದರ ತುದಿಯ ಕೊಕ್ಕೆ ಸರಿಯಾಗಿ ಮಸಾಲೆ ಡಬ್ಬಿಗಳ ಮೇಲೆ ತೂಗತೊಡಗಿತು. ಹೆಂಡತಿ ಅದಕ್ಕೆ ಕೈವಸ್ತ್ರ ನೇತುಹಾಕಿದಳು. ನಾನು ಆಕ್ಷೇಪ ಎತ್ತಿದೆ. "ಇಷ್ಟು ದಿನಕ್ಕೆ ಒಂದು ಉಪಯೋಗಕ್ಕೆ ಬಂತು, ಅದಕ್ಕೂ ಕಲ್ಲು ಹಾಕಬೇಡಿ," ಎಂದಳು. ಮನೆಯವರೆಲ್ಲ ಅಡುಗೆಮನೆಗೆ ಹೋಗಬೇಕಾದರೆ ಬೂಮಿನ ಕೆಳಗೆ ಬಗ್ಗಬೇಕಿತ್ತು. ಅನ್ನ ಬಡಿಸಿಕೊಂಡು ಬರುವಾಗಲೂ ಬಗ್ಗಬೇಕಿತ್ತು. ಕಲೆಯ ಮುಂದೆ ಬಾಗುವುದು ಒಳ್ಳೆಯ ಅಭ್ಯಾಸ ಎಂದು ನಾನು ಸಮಾಧಾನ ಹೇಳಿದೆ. ಯಾರೂ ಸಮಾಧಾನಗೊಳ್ಳಲಿಲ್ಲ.

ಅಸಲಿ ಆನೆಯ ಬೂಮ್ ಹೀಗೆ ಇಡಿಯಾಗಿ ಓಡಾಡುವುದಿಲ್ಲ. ತುಂಡು ತುಂಡಾಗಿ ಲಾರಿಗಳಲ್ಲಿ ಹೋಗುತ್ತದೆ. ಕೆಲಸದ ಜಾಗದಲ್ಲಿ ತುಂಡುಗಳ ತುದಿಯ ತೂತುಗಳಿಗೆ ದಪ್ಪ ಗೂಟ ಹೊಡೆದು ಜೋಡಿಸುತ್ತಾರೆ. ನನ್ನ ಮಾದರಿಗೂ ಮೊದಲು ಗೂಟಗಳೇ ಇದ್ದವು. ಆದರೆ ಸಾಸಿವೆ ಕಾಳಿನಷ್ಟೇ ದಪ್ಪದ ಗೂಟಗಳು. ಯಾರಾದರೂ ಸೀನಿದರೆ ಉದುರುತ್ತಿದ್ದವು. ಒಂದು ಗೂಟ ಅತ್ತೆಯ ಊಟದ ತಟ್ಟೆಗೆ ಹೋಗಿ, ಅಲ್ಲಿಂದ ಅವರ ಹಲ್ಲಿಗೆ ಸಿಕ್ಕಿತು. ಅಂದೇ ಶಪಥ ಮಾಡಿದೆ. ಎಲ್ಲಾ ಕೀಲುಗಳಿಗೂ ಬೆಸುಗೆ ಸುರಿದೆ. ಮೈಗೆ ಬೂಮ್, ಬೂಮಿಗೆ ಆಧಾರದ ಹಗ್ಗ, ಹಗ್ಗಕ್ಕೆ ಬೆನ್ನ ಹಿಂದಿನ ತೂಕದ ಗಟ್ಟಿಗಳು, ಸಮಸ್ತವೂ ಒಂದೇ ದೇಹ!

"ಇನ್ನು ಭೂಕಂಪ ಆದ್ರೂ ಬಿಚ್ಚಿಕೊಳ್ಳಲ್ಲ!" ಎಂದು ಘೋಷಿಸಿದೆ.

ಹೆಂಡತಿ ಬೂಮಿನ ಕೆಳಗಿಂದ ಬಗ್ಗಿ ಬರುತ್ತಾ, "ಒಳ್ಳೇದಾಯ್ತು," ಎಂದಳು. ಅವಳ ದನಿಯಲ್ಲಿ ಮೆಚ್ಚುಗೆಯಿತ್ತೋ ಇಲ್ಲವೋ ಎಂದು ಆಗ ನಾನು ವಿಚಾರ ಮಾಡಲಿಲ್ಲ.

ಬೀಳ್ಕೊಡುಗೆಯ ದಿನ ಬಂತು. ಮಧ್ಯಾಹ್ನ ಕಂಪನಿಯ ಯಾರ್ಡಿನ ದೊಡ್ಡ ಶೆಡ್ಡಿನಲ್ಲಿ ಸಮಾರಂಭ. ಎಲ್ಲರೂ ಮನೆಮಂದಿಯೊಂದಿಗೆ ಬರಬೇಕೆಂದು ಕರೆ. ಬೆಳಿಗ್ಗೆಯೇ ನಾನು ಮಾದರಿಯ ಮೈ ಒರೆಸಿ, ಬೂಮನ್ನು ಅಡುಗೆಮನೆಯಿಂದ ಎಳೆದು ತಿರುಗಿಸಿ, ಮುಂಬಾಗಿಲು ತೆರೆದು, ಮಾದರಿಯನ್ನು ಮೆಲ್ಲಗೆ ಹೊರಕ್ಕೆ ತಳ್ಳಿದೆ. ಬೂಮಿನ ತುದಿ ಗಂಭೀರವಾಗಿ ಹೊಸ್ತಿಲು ದಾಟಿತು. ಆಮೇಲೆ ಮೆಟ್ಟಿಲ ಬಳಿಯ ಗೋಡೆಗೆ ಮೂತಿ ತಾಗಿಸಿ ನಿಂತಿತು. ಎಡಕ್ಕೆ ತಿರುಗಿಸಿದೆ, ತುದಿ ಲಿಫ್ಟಿನ ಬಾಗಿಲನ್ನು ತಡವಿತು. ಬಲಕ್ಕೆ ತಿರುಗಿಸಿದೆ, ಮೆಟ್ಟಿಲ ಕಟಕಟೆಯ ಸಂದಿಯಲ್ಲಿ ಹೊಕ್ಕಿತು. ಹಿಂದಕ್ಕೆ ಎಳೆದೆ, ಬರಲಿಲ್ಲ.

ಮೇಲಿನ ಮನೆಯ ಬ್ಯಾಂಕಿನವರು ಚೀಲ ಹಿಡಿದು ಇಳಿದು ಬಂದರು. ಬೂಮಿನ ಮುಂದೆ ನಿಂತರು.

"ದಾರಿ ಬಿಡಿ ಸ್ವಾಮಿ, ಆಫೀಸಿಗೆ ಹೊತ್ತಾಯ್ತು."

"ಒಂದು ನಿಮಿಷ ಸಾರ್. ಮೇಲೆ ದಾಟ್ತೀರೋ, ಕೆಳಗೆ ನುಗ್ತೀರೋ?"

"ಇದು ಏನು?"

"ಕ್ರೇನ್ ಸಾರ್."

ಅವರು ಅದನ್ನು ಉದ್ದಕ್ಕೂ ನೋಡಿದರು. ನನ್ನನ್ನೂ ಉದ್ದಕ್ಕೂ ನೋಡಿದರು. ಚೀಲವನ್ನು ಮೊದಲು ಕೆಳಗೆ ತಳ್ಳಿ, ತಾವು ಹಿಂದೆಯೇ ತೆವಳಿಕೊಂಡು ಬ್ಯಾಂಕಿಗೆ ಹೋದರು. ಇಸ್ತ್ರಿ ಹಾಕಿದ ಪ್ಯಾಂಟಿನ ಮೊಣಕಾಲುಗಳೆರಡೂ ಬೆಳ್ಳಗಾಗಿದ್ದವು.

ಹಾಲಿನಿಂದ ಹೆಂಡತಿಯ ದನಿ ಬಂತು. "ರೀ, ಒಂದು ಮಾತು ಕೇಳ್ಲಾ?"

"ಕೇಳು."

"ಕಟ್ಟೋಕೆ ಮುಂಚೆ ಬಾಗಿಲು ಅಳೆದಿದ್ರಾ?"

"ನೋಡು, ನಮ್ಮ ವಿಭಾಗದಲ್ಲಿ ಬಾಗಿಲು ಅನ್ನೋ ವಿಷಯ ಬರೋದಿಲ್ಲ. ನಮ್ಮ ಕೆಲಸ ಎಲ್ಲಾ ಬಯಲಲ್ಲಿ."

"ಬಿಚ್ಚೋಕಾಗಲ್ವಾ? ದೊಡ್ಡ ಕ್ರೇನ್ ಬಿಚ್ಚಿ ತಗೊಂಡು ಹೋಗ್ತಾರೆ ಅಂತ ನೀವೇ ಹೇಳ್ತಿದ್ರಲ್ಲ."

"ಅದು ಅಸಲಿ. ಇದು ಮಾದರಿ. ಮಾದರಿಯ ಮಟ್ಟವೇ ಬೇರೆ."

"ಕೊಯ್ಯೋಕೆ?"

ತಿರುಗಿ ನೋಡಿದೆ. ಅವಳ ಕೈಯಲ್ಲಿ ಚಾಕುವಿತ್ತು. ಬೀನ್ಸ್ ಹೆಚ್ಚುತ್ತಿದ್ದಳು, ಅಷ್ಟೆ. ಆದರೂ ನಾನು ಬೂಮಿಗೂ ಅವಳಿಗೂ ನಡುವೆ ಹೋಗಿ ನಿಂತೆ.

ಬೂಮನ್ನು ಕಟಕಟೆಯಿಂದ ಹೇಗೋ ಬಿಡಿಸಿ ಒಳಕ್ಕೆ ಎಳೆದುಕೊಂಡೆ. ಒಂದೇ ದಾರಿ ಉಳಿದಿತ್ತು. ಹಾಲಿನ ಇನ್ನೊಂದು ಕೊನೆಯಲ್ಲಿ ಅಗಲವಾದ ಜಾರುಬಾಗಿಲು, ಅದರಾಚೆ ಬಾಲ್ಕನಿ, ಅದರಾಚೆ ಗಾಳಿ, ಗಾಳಿಯ ಕೆಳಗೆ ಮೂರು ಮಹಡಿ, ಅದರ ಕೆಳಗೆ ರಸ್ತೆ. "ಬಟ್ಟೆ ಒಣಹಾಕೋ ಹಗ್ಗ ಕೊಡ್ಲಾ?" ಎಂದರು ಅತ್ತೆ. ಯೋಜನಾ ವಿಭಾಗದವನು ಬಟ್ಟೆ ಹಗ್ಗದಲ್ಲಿ ಕೆಲಸ ಮಾಡುವುದೇ! ಎದೆ ಸೆಟೆಸಿ ಮ್ಯಾನೇಜರಿಗೆ ಫೋನ್ ಮಾಡಿದೆ.

"ಸಾರ್, ಒಂದು ಸಣ್ಣ ಕ್ರೇನ್ ಬೇಕಿತ್ತು."

"ಏನು ಎತ್ತೋಕೆ?"

"ಕ್ರೇನ್ ಎತ್ತೋಕೆ ಸಾರ್."

ಆ ಕಡೆ ಕುರ್ಚಿ ಬಿದ್ದ ಸದ್ದಾಯಿತು. "ಯಾವ ಕ್ರೇನ್ ಉರುಳಿತ್ರೀ?"

"ಉರುಳಿಲ್ಲ ಸಾರ್. ಇಳೀತಾ ಇಲ್ಲ. ನಮ್ಮ ಮನೇಲಿರೋ ಮಾದರಿ."

ಕುರ್ಚಿ ಎತ್ತಿ ಇಟ್ಟ ಸದ್ದಾಯಿತು. ಆಮೇಲೆ ಅಧಿಕೃತ ದನಿಯಲ್ಲಿ, "ತೂಕ ಎಷ್ಟು?" ಎಂದರು.

ನಾನು ದನಿ ತಗ್ಗಿಸಿದೆ. "ನಮ್ಮತ್ತೆಗಿಂತ ಸ್ವಲ್ಪ ಕಮ್ಮಿ ಸಾರ್."

"ಏನಂದ್ರಿ ಅಳಿಯಂದ್ರೇ?" ಎಂದರು ಅತ್ತೆ ಒಳಗಿನಿಂದ.

ಸಣ್ಣ ಕ್ರೇನು ಬಂತು, ಹಿಂದೆ ಒಂದು ಲಾರಿ ಬಂತು. ನಮ್ಮ ರಸ್ತೆಯ ಎರಡೂ ಬದಿಯ ಬಾಲ್ಕನಿಗಳು ತುಂಬಿಕೊಂಡವು. ಸಣ್ಣ ಕ್ರೇನಿನ ಆಪರೇಟರ್ ಮಿತಭಾಷಿ, ಕಬ್ಬಿಣದಂಥ ಶಿಸ್ತಿನವನು. ಕ್ರೇನಿನ ಕೆಲಸದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಕಿತ್ತಳೆ ಬಣ್ಣದ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಒಬ್ಬನೇ ಒಬ್ಬ ಕೈಸನ್ನೆ ಕೊಡಬೇಕು. ಆಪರೇಟರ್ ಆ ಒಂದು ಕೈಯನ್ನು ಬಿಟ್ಟು ಬೇರೆ ಯಾರನ್ನೂ ನೋಡಕೂಡದು, ಯಾರ ಕೂಗನ್ನೂ ಕೇಳಕೂಡದು. ಈ ನಿಯಮವನ್ನು ನಮ್ಮ ಕಂಪನಿಯಲ್ಲಿ ಜಾರಿಗೆ ತಂದವನು ನಾನೇ. ಬಹಳ ಹಟ ಮಾಡಿ ತಂದಿದ್ದೆ.

ಜಾಕೆಟ್ಟು ಹೆಲ್ಮೆಟ್ಟು ಧರಿಸಿ ಬಾಲ್ಕನಿಗೆ ಬಂದು ನಿಂತೆ. ಎದುರು ಬಾಲ್ಕನಿಗಳಲ್ಲಿ ಗುಸುಗುಸು ಎದ್ದಿತು. ಸಾಮಾನ್ಯವಾಗಿ ಈ ಬಾಲ್ಕನಿಯಲ್ಲಿ ನಾನು ಬನಿಯನ್ನಿನಲ್ಲಿ ಕಾಣಿಸಿಕೊಳ್ಳುವವನು. ಮಾದರಿಗೆ ಪಟ್ಟಿ ಕಟ್ಟಿ, ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ, ಹೆಬ್ಬೆರಳು ಮೇಲಕ್ಕೆ ತೋರಿಸಿದೆ. ಹಗ್ಗ ಬಿಗಿಯಾಯಿತು. ಆನೆ ತನ್ನ ಜೀವನದಲ್ಲಿ ಮೊದಲ ಸಲ ನೆಲ ಬಿಟ್ಟು ಮೇಲೆದ್ದಿತು!

ಅಷ್ಟರಲ್ಲಿ ಅದರ ಬಾಲ, ಎಂದರೆ ಹಿಂಬದಿಯ ತೂಕದ ಗಟ್ಟಿ, ಜಾರುಬಾಗಿಲಿನ ಪರದೆಗೆ ಸಿಕ್ಕಿಕೊಂಡಿತು. ಮುಷ್ಟಿ ಎತ್ತಿ ನಿಲ್ಲಿಸಿದೆ. ಆಪರೇಟರ್ ನಿಲ್ಲಿಸಿದ. ಬಿಡಿಸಲು ಒಳಗೆ ನುಗ್ಗಿದೆ. ಸಂದಿ ಇಕ್ಕಟ್ಟು; ಜಾಕೆಟ್ಟಿನ ಜೇಬು ಬಾಗಿಲಿನ ಚಿಲಕಕ್ಕೆ ಸಿಕ್ಕಿತು, ಹೆಲ್ಮೆಟ್ಟು ಬೂಮಿಗೆ ಬಡಿಯಿತು. ಎರಡನ್ನೂ ಕಳಚಿ ಬಾಲ್ಕನಿಯ ಕುರ್ಚಿಯ ಮೇಲೆ ಒಗೆದು, ಸ್ಟೂಲ್ ಹತ್ತಿ, ಪರದೆಯ ಉಂಗುರಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.

ಆಗ ಅತ್ತೆ ಬಾಲ್ಕನಿಗೆ ಬಂದರು. ತಲೆಯ ಮೇಲೆ ಕಬ್ಬಿಣದ ಹಗ್ಗ ತೂಗುತ್ತಿತ್ತು. ಮುಂಜಾಗ್ರತೆಯ ಹೆಂಗಸು, ಹೆಲ್ಮೆಟ್ಟು ಕಂಡರು, ಹಾಕಿಕೊಂಡರು. ಪಕ್ಕದಲ್ಲೇ ಜಾಕೆಟ್ಟಿತ್ತು. ಜೊತೆಗಿರಲಿ ಎಂದು ಅದನ್ನೂ ಹಾಕಿಕೊಂಡರು. ಎದುರು ಮನೆಯ ಮೂರನೆಯ ಮಹಡಿಯಲ್ಲಿ ಟೀಚರಮ್ಮ, ಅತ್ತೆಯ ಪ್ರಾಣಸ್ನೇಹಿತೆ, ಬಟ್ಟೆ ಒಣಹಾಕುತ್ತಿದ್ದರು.

ಅತ್ತೆ ಕೈ ಎತ್ತಿ ಕರೆದರು. "ಬನ್ರೀ, ಬನ್ನಿ! ನೋಡೋಕೆ ಬನ್ನಿ!"

ಆಪರೇಟರ್ ಜಾಕೆಟ್ಟು ನೋಡಿದ. ಹೆಲ್ಮೆಟ್ಟು ನೋಡಿದ. ಮೇಲಕ್ಕೆ ಆಡುವ ಕೈ ನೋಡಿದ. ಎತ್ತಿದ.

ಪರದೆ ಪರ್‍ರೆಂದು ಹರಿಯಿತು. ನನ್ನ ಕೈಯಲ್ಲಿ ಪರದೆಯ ಸರಳು ಮಾತ್ರ ಉಳಿಯಿತು. ಹೊರಗೆ ಓಡಿ ಬಂದು ನೋಡಿದರೆ, ನಮ್ಮ ಹೂವಿನ ಪರದೆಯನ್ನು ಮೈತುಂಬ ಹೊದ್ದುಕೊಂಡು ನನ್ನ ಆನೆ ಆಕಾಶದಲ್ಲಿ ಹೋಗುತ್ತಿದೆ!

"ಟೀಚರಮ್ಮಾ, ಈ ಕಡೆ, ಈ ಕಡೆ!" ಅತ್ತೆ ಕೈಯನ್ನು ಅಡ್ಡಡ್ಡ ಬೀಸಿದರು. ಆಪರೇಟರ್ ಅಡ್ಡಕ್ಕೆ ತಿರುಗಿಸಿದ. ಆನೆ ರಸ್ತೆ ದಾಟಿತು.

"ಮೆಟ್ಟಿಲಿಳಿದು ಕೆಳಗೆ ಬನ್ನಿ ಅಂದೆ! ಕೆಳಗೆ, ಕೆಳಗೆ!" ಅತ್ತೆ ಅಂಗೈ ಕೆಳಗೆ ಮಾಡಿ ತಟ್ಟಿ ತಟ್ಟಿ ತೋರಿಸಿದರು. ಆಪರೇಟರ್ ಇಳಿಸಿದ. ಆನೆ ಟೀಚರಮ್ಮನ ಬಾಲ್ಕನಿಯಲ್ಲಿ, ಒದ್ದೆ ಬಟ್ಟೆಗಳ ನಡುವೆ, ಒಂದು ಹೂಕುಂಡಕ್ಕೂ ತಾಗದಂತೆ ಮೆತ್ತಗೆ ಕೂತಿತು.

ಟೀಚರಮ್ಮ ಕೈಯಲ್ಲಿ ಬಟ್ಟೆ ಕ್ಲಿಪ್ ಹಿಡಿದುಕೊಂಡು ಅದನ್ನು ನೋಡಿದರು.

"ಏನ್ರೀ ಇದು? ನಮಗಾ?" ಎಂದು ರಸ್ತೆಯಾಚೆಯಿಂದ ಕೂಗಿದರು.

"ಅಲ್ಲಾರೀ, ನಿಮ್ಮನ್ನ ಕರೆದೆ!" ಎಂದು ಅತ್ತೆ ಕೂಗಿದರು.

"ಇಷ್ಟು ದೊಡ್ಡದು ಇಟ್ಟುಕೊಳ್ಳೋಕೆ ಜಾಗ ಎಲ್ಲಿದೆ ನಮ್ಮನೇಲಿ?"

"ನಮ್ಮನೇಲೂ ಇರ್ಲಿಲ್ಲ ಕಣ್ರೀ!"

ಟೀಚರಮ್ಮನ ಯಜಮಾನರು ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು ಹೊರಗೆ ಬಂದರು. ಪರದೆ ಹೊದ್ದ ಆನೆಯನ್ನು ನೋಡಿದರು. ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಏಯ್, ವಾಪಸ್ಸು ತಗೋ! ನಾನು ಹೇಳ್ತಿದೀನಿ, ನಾನು!" ಎಂದು ಪರದೆಯ ಸರಳನ್ನು ಆಡಿಸುತ್ತಾ ಗಂಟಲು ಹರಿಯುವಂತೆ ಕೂಗಿದೆ. ಆಪರೇಟರ್ ನನ್ನತ್ತ ತಿರುಗಿಯೂ ನೋಡಲಿಲ್ಲ. ನನ್ನ ನಿಯಮವನ್ನು ಅವನಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ವಿಧಿಯಿಲ್ಲದೆ ಅತ್ತೆಯ ಮುಂದೆ ಕೈ ಚಾಚಿದೆ.

"ಅತ್ತೆ, ಜಾಕೆಟ್ ಕೊಡಿ."

"ಇರಿ ಅಳಿಯಂದ್ರೇ. ಈಗ ತಾನೆ ಹಾಕ್ಕೊಂಡಿದೀನಿ."

"ಅತ್ತೆ, ಅವನು ನಿಮ್ಮ ಕೈ ನೋಡಿ ಕ್ರೇನ್ ತಿರುಗಿಸ್ತಿದಾನೆ!"

ಅತ್ತೆ ತಮ್ಮ ಕೈ ನೋಡಿಕೊಂಡರು. ಆಮೇಲೆ ಪರೀಕ್ಷೆಗೆಂದು ಒಂದು ಬೆರಳು ಮೇಲೆತ್ತಿದರು. ರಸ್ತೆಯಾಚೆ ಆನೆ ಗೇಣುದ್ದ ಮೇಲೆದ್ದಿತು. ಬೆರಳು ಇಳಿಸಿದರು. ಆನೆ ಇಳಿಯಿತು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಕಳೆ ಬಂತು.

"ಎಷ್ಟು ಚೆನ್ನಾಗಿ ಮಾತು ಕೇಳ್ತಾನೆ! ಈ ಮನೇಲಿ ಇಷ್ಟು ವರ್ಷ ಒಬ್ಬರೂ ಹೀಗೆ ಕೇಳಿಲ್ಲ," ಎಂದರು. "ಜಾಕೆಟ್ ಕೊಡಲ್ಲ. ನೀವು ಹಿಂದೆ ನಿಂತು ಹೇಳಿ, ನಾನು ಮಾಡ್ತೀನಿ."

ಹಾಗೆಯೇ ಆಯಿತು. ಹೆಸರಾಂತ ಯೋಜಕನಾದ ನಾನು ಅತ್ತೆಯ ಬೆನ್ನ ಹಿಂದೆ ಬಗ್ಗಿ ನಿಂತು ಪಿಸುಗುಟ್ಟಿದೆ. ಅತ್ತೆ ನಾನು ಹೇಳಿದ್ದರಲ್ಲಿ ತಮಗೆ ಸರಿ ಕಂಡದ್ದನ್ನು ಮಾತ್ರ ಮಾಡಿದರು. "ಬೇಗ ಇಳಿಸಿ ಅತ್ತೆ," ಎಂದರೆ, "ಯಾಕೆ ಅವಸರ? ಎಲ್ಲರೂ ನೋಡ್ತಿದಾರೆ," ಎಂದು ಒಂದು ಸುತ್ತು ಹೆಚ್ಚಿಗೆ ಹಾಕಿಸಿದರು. ಕೊನೆಗೆ ಆನೆ ಲಾರಿಯ ಮೇಲೆ ಹಾಸಿದ ಹಾಸಿಗೆಯ ಮಧ್ಯಕ್ಕೆ ಸರಿಯಾಗಿ, ಸದ್ದಿಲ್ಲದೆ ಇಳಿಯಿತು. ಎರಡೂ ಬದಿಯ ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ನಾನು ಮುಂದೆ ಬಂದು ಕೈ ಬೀಸಿದೆ. ಚಪ್ಪಾಳೆ ನಿಂತಿತು.

ಮಧ್ಯಾಹ್ನ ಯಾರ್ಡಿನ ಶೆಡ್ಡು ತುಂಬಿತ್ತು. ಹರಿದ ಪರದೆ ಹೇಗೂ ಮಾದರಿಯ ಮೇಲೆ ಇತ್ತಲ್ಲ, ಅನಾವರಣಕ್ಕೆ ಅದೇ ಅನುಕೂಲವಾಯಿತು. ಮುಂದಿನ ಸಾಲಿನಲ್ಲಿ ದೊಡ್ಡಣ್ಣ, ಅವರ ಪಕ್ಕ ಅವರ ಹೆಂಡತಿ. ಎರಡನೆಯ ಸಾಲಿನಲ್ಲಿ ನನ್ನ ಹೆಂಡತಿ, ಮತ್ತು ಇನ್ನೂ ಕಿತ್ತಳೆ ಜಾಕೆಟ್ಟಿನಲ್ಲೇ ಇದ್ದ ಅತ್ತೆ. ಮ್ಯಾನೇಜರ್ ಎರಡು ಮಾತಾಡಿ ಪರದೆಯನ್ನು ಠೀವಿಯಿಂದ ಎಳೆದರು.

ಆನೆಯ ಬೂಮಿನ ತುದಿಯಲ್ಲಿ, ಕೊಕ್ಕೆಗೆ ಸಿಕ್ಕಿಕೊಂಡು, ಟೀಚರಮ್ಮನ ಯಜಮಾನರ ಪಟ್ಟೆಪಟ್ಟೆ ಪೈಜಾಮ ತೂಗುತ್ತಿತ್ತು. ಅರ್ಧ ಒಣಗಿತ್ತು.

ಮ್ಯಾನೇಜರ್ ನನ್ನ ಕಿವಿಯ ಬಳಿ ಬಗ್ಗಿ, "ಇದು ಯಾವ ಲೋಡ್?" ಎಂದರು.

"ಪರೀಕ್ಷಾ ಭಾರ ಸಾರ್," ಎಂದೆ.

ಆದರೆ ದೊಡ್ಡಣ್ಣ ಪೈಜಾಮ ನೋಡುತ್ತಿರಲಿಲ್ಲ. ಎದ್ದು ಬಂದು, ಮಾದರಿಯ ಪಕ್ಕ ಮಂಡಿಯೂರಿ, ಕ್ಯಾಬಿನ್ನಿನ ಕಿಟಕಿಗೆ ಒಂದು ಕಣ್ಣಿಟ್ಟರು. ಅಷ್ಟು ದೊಡ್ಡ ಆಳು ಅಷ್ಟು ಸಣ್ಣ ಕಿಟಕಿಯೊಳಗೆ ಇಣುಕುವುದನ್ನು ನೋಡಿ ಶೆಡ್ಡು ಮೆತ್ತಗಾಯಿತು. ಒಳಗೆ ನಾನು ಉಗುರಿನಷ್ಟು ಸೀಟು ಮಾಡಿದ್ದೆ. ಅವರ ಸೀಟಿನ ಮೇಲೆ ಸದಾ ಇರುತ್ತಿದ್ದ ಮಡಚಿದ ಟವಲನ್ನೂ ಮಾಡಿದ್ದೆ.

"ಟವಲು…" ಎಂದರು ದೊಡ್ಡಣ್ಣ. ಎದ್ದು ನಿಂತು, ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಅಂತ ಯೋಚನೆ ಆಗಿತ್ತು. ಇನ್ನೇನು, ಇದು ಮನೇಲೇ ಇರುತ್ತೆ. ದಿನಾ ನೋಡ್ತಾ ಕೂರ್ತೀನಿ."

ನನ್ನ ಕಣ್ಣೂ ಒದ್ದೆಯಾಯಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಸಾರ್ಥಕವೆನ್ನಿಸಿತು. ಆಗ ಮುಂದಿನ ಸಾಲಿನಿಂದ ದೊಡ್ಡಣ್ಣನ ಹೆಂಡತಿ ಎದ್ದರು. ಸಣ್ಣ ಆಳು. ಕೈಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ನೇರವಾಗಿ ನನ್ನ ಮುಂದೆ ಬಂದು ನಿಂತರು.

"ಇದನ್ನ ಮಾಡಿದ್ದು ನೀವೇನಾ?"

"ಹೌದಮ್ಮ," ಎಂದೆ ನಮ್ರವಾಗಿ, ಹೊಗಳಿಕೆಗೆ ಜಾಗ ಬಿಟ್ಟು.

"ಮದುವೆ ಆದಾಗಿನಿಂದ ಈ ಸವತಿ ಜೊತೆ ಬಾಳಿದೀನಿ. ಊಟಕ್ಕೆ ಕರೆದ್ರೆ ಕ್ರೇನು, ಮಗಳ ಶಾಲೆಗೆ ಬನ್ನಿ ಅಂದ್ರೆ ಕ್ರೇನು, ಜ್ವರದಲ್ಲಿ ಕನವರಿಸಿದ್ರೂ ಕ್ರೇನು. ಇವತ್ತಿಗೆ ಅವಳ ಕಾಟ ತಪ್ಪಿತು ಅಂತ ಬೆಳಿಗ್ಗೆಯಿಂದ ಖುಷಿಯಾಗಿದ್ದೆ. ನೀವು ಅವಳನ್ನ ಶೃಂಗಾರ ಮಾಡಿ ಮನೆಗೇ ಕಳಿಸ್ತೀರಾ?"

ದೊಡ್ಡಣ್ಣ ಏನೋ ಹೇಳಹೋದರು. ಆಕೆ ತಿರುಗಿ ನೋಡಿದರು. ದೊಡ್ಡಣ್ಣ ಕೊಕ್ಕೆಯಿಂದ ಪೈಜಾಮ ಬಿಡಿಸಿ ಮಡಚತೊಡಗಿದರು.

"ಹಾಗಾದ್ರೆ ಎಲ್ಲಿಡೋಣ?" ಎಂದರು ಮ್ಯಾನೇಜರ್. ನನ್ನ ಹೆಂಡತಿ ಎರಡನೆಯ ಸಾಲಿನಿಂದ ಬಾಣದಂತೆ ಎದ್ದು ಬಂದಳು. "ಎಲ್ಲಿ ಬೇಕಾದ್ರೂ ಇಡಿ, ನಮ್ಮನೆಗೆ ಮಾತ್ರ ವಾಪಸ್ಸು ಬರಕೂಡದು!" ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅದೇ ಮೊದಲ ಭೇಟಿ. ಒಂದೇ ನೋಟದಲ್ಲಿ ಅವರಿಗೆ ಹಲವು ವರ್ಷಗಳ ಪರಿಚಯವಾದಂತೆ ಕಂಡಿತು. ಶೆಡ್ಡಿನ ಮೂಲೆಗೆ ಹೋಗಿ ತಲೆಗೆ ತಲೆ ಕೊಟ್ಟು ಮಾತಾಡಿದರು. ದೊಡ್ಡಣ್ಣನೂ ನಾನೂ ಆನೆಯ ಅಕ್ಕಪಕ್ಕ ನಿಂತು ತೀರ್ಪಿಗೆ ಕಾದೆವು.

ತೀರ್ಪು ಬಂತು. ದೊಡ್ಡಣ್ಣನ ಮನೆ ನೆಲಮಟ್ಟದ್ದು; ಮುಂದೆ ಅಗಲವಾದ ವರಾಂಡವಿದೆ. ಆನೆ ವರಾಂಡದಲ್ಲಿ ಇರಬಹುದು, ಒಳಗೆ ಕಾಲಿಡಕೂಡದು. ದೊಡ್ಡಣ್ಣ ಸಂಜೆ ಮಾತ್ರ ನೋಡಬಹುದು. ಆದರೆ ಆ ಸಾವಿರ ಕಡ್ಡಿಗಳ ಧೂಳು ಒರೆಸಲು ಆ ಮನೆಯ ಹೆಣ್ಣುಮಗಳು ಒಂದು ಬೆರಳೂ ಎತ್ತುವುದಿಲ್ಲ.

"ಅದಕ್ಕೆ ಮಾಡಿದವರೇ ಬರಬೇಕು," ಎಂದರು ಆಕೆ. "ಪ್ರತಿ ಭಾನುವಾರ."

"ಅಮ್ಮಾ, ಭಾನುವಾರ ನನಗೆ…" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಕಳಿಸ್ತೀನಿ," ಎಂದಳು ನನ್ನ ಹೆಂಡತಿ.

ಅಂದಿನಿಂದ ಭಾನುವಾರ ಸಂಜೆ ನಾನು ದೊಡ್ಡಣ್ಣನ ವರಾಂಡದಲ್ಲಿ ಹೊಟ್ಟೆಯ ಮೇಲೆ ಮಲಗಿರುತ್ತೇನೆ. ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು. ದೊಡ್ಡಣ್ಣ ಬೆತ್ತದ ಕುರ್ಚಿಯಲ್ಲಿ ಕೂತು ಕೈಸನ್ನೆ ಕೊಡುತ್ತಾರೆ. ಜೀವನವಿಡೀ ಕೆಳಗಿನವರ ಕೈ ನೋಡಿ ಕೆಲಸ ಮಾಡಿದ ಮನುಷ್ಯ. ಈಗ ಸಿಕ್ಕ ಅಧಿಕಾರವನ್ನು ನಿಧಾನವಾಗಿ ಚಪ್ಪರಿಸುತ್ತಾರೆ. ಎಡಕ್ಕೆ… ಇನ್ನೂ ಸ್ವಲ್ಪ… ಅಲ್ಲೇ… ನಿಲ್ಲಿಸು. ಕೊನೆಗೆ ಅವರ ಹೆಂಡತಿ ಬಂದು ಬೂಮಿನ ಮೇಲೆ ಒಂದು ಬೆರಳು ಎಳೆದು, ಬೆಳಕಿಗೆ ಹಿಡಿದು ನೋಡುತ್ತಾರೆ. ಮೊದಮೊದಲು ಎರಡೆರಡು ಸಲ ಒರೆಸಬೇಕಾಗುತ್ತಿತ್ತು.

ಆದರೆ ಮೊನ್ನೆ ಬೆರಳಿಗೆ ಧೂಳೇ ಹತ್ತಲಿಲ್ಲ! ಆಕೆ ನನ್ನ ಕಣ್ಣೆದುರೇ ನನ್ನ ಹೆಂಡತಿಗೆ ಫೋನ್ ಮಾಡಿದರು. "ಏನಮ್ಮಾ, ನಿಮ್ಮ ಯಜಮಾನ್ರು ಎಷ್ಟು ಚೊಕ್ಕವಾಗಿ ಒರೆಸ್ತಾರೆ ಗೊತ್ತಾ! ಒಂದು ಸಂದಿ ಬಿಟ್ಟಿಲ್ಲ. ನಮ್ಮನೆಯವರಿಗೆ ಜನ್ಮದಲ್ಲಿ ಬರಲ್ಲ."

ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ನನ್ನ ಹೆಂಡತಿಯ ಕಿವಿಗೆ ಬಿದ್ದದ್ದು ಅದೇ ಮೊದಲು. ದಾರಿಯುದ್ದಕ್ಕೂ ತಲೆ ಎತ್ತಿ ನಡೆದೆ. ಮೂರು ಮಹಡಿ ಲಿಫ್ಟ್ ಇಲ್ಲದೆ ಹತ್ತಿದೆ. ಬಾಗಿಲು ತೆರೆದರೆ ಹಾಲಿನ ನಡುವೆ ಸ್ಟೂಲ್ ಇತ್ತು. ಸ್ಟೂಲಿನ ಮೇಲೆ ಒದ್ದೆ ಬಟ್ಟೆಯಿತ್ತು. ಪಕ್ಕದಲ್ಲಿ ಹೆಂಡತಿ, ಹೊಸದಾಗಿ ಹುಟ್ಟಿದ ಗೌರವದಿಂದ ನನ್ನನ್ನೇ ನೋಡುತ್ತಾ ನಿಂತಿದ್ದಳು.

"ಏನೇ ಇದು?" ಎಂದೆ.

ಅವಳು ಮೇಲೆ ನೋಡಿದಳು. ನಾನೂ ಮೇಲೆ ನೋಡಿದೆ. ಸೂರಿನಲ್ಲಿ ಫ್ಯಾನು ಇತ್ತು.

"ಇಷ್ಟು ವರ್ಷ ನಿಮಗೆ ಬರಲ್ಲ ಅಂತ ತಿಳ್ಕೊಂಡು ಮೋಸ ಹೋದೆ ರೀ," ಎಂದಳು. "ಹತ್ತಿ. ಬೂಮ್‌ಗಿಂತ ಸುಲಭ. ಬರೀ ಮೂರೇ ರೆಕ್ಕೆ."